ಕೂಸಿನ ಬಟ್ಟೆಯಲ್ಲಿ ಕಂಡ ಬಣ್ಣ

ತಂಗಿಯ ಮಗುವಿಗೆ ಬೇಕಾದ ಲಂಗೋಟಿಗಳನ್ನು ಅದು ಹುಟ್ಟುವ ಒಂದು ತಿಂಗಳು ಮೊದಲೇ ನಾನು ಹೊಲಿದಿಟ್ಟಿದ್ದೆ. ಅಮ್ಮನ ಎರಡು ಹಳೆಯ ನೂಲಿನ ಸೀರೆ, ಅಪ್ಪನ ಒಂದು ಪಂಚೆ, ಎಲ್ಲ ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಚೌಕವಾಗಿ ಕತ್ತರಿಸಿ, ಅಂಚು ಮಡಿಸಿ, ಮಗುವಿನ ಚರ್ಮಕ್ಕೆ ಹೊಲಿಗೆ ತಾಗದ ಹಾಗೆ ಹೊರಗಡೆಯಿಂದ ಹೊಲಿದೆ. ಒಟ್ಟು ಮೂವತ್ತು. ಎಲ್ಲವೂ ಬಿಳಿ, ಇಲ್ಲವೆ ಬಿಳಿಗೆ ಹತ್ತಿರದ ಬಣ್ಣ. ಕೊಳೆ ಕಾಣಬೇಕು ಎಂಬುದು ನನ್ನ ಲೆಕ್ಕಾಚಾರ.

ಕೊಪ್ಪದಲ್ಲಿ ನಾನು ಟೈಲರಿಂಗ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ನನಗೆ ಮದುವೆಯಾಗಿಲ್ಲ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರಿಂದ, ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿಗೆ ತವರುಮನೆ ಎಂದರೆ ಅಂಗಡಿಯ ಮೇಲಿನ ಆ ಎರಡು ಕೋಣೆಯೇ. ಅವಳ ಗಂಡ ನರಸಿಂಹರಾಜಪುರದಲ್ಲಿ ಲೈನ್‌ಮನ್. ಅವನಿಗೆ ಸಿಕ್ಕಿದ ರಜೆ ಎರಡು ದಿನ. ಅವನ ತಾಯಿಗೆ ಮಂಡಿನೋವು, ನನ್ನ ಮನೆಯ ಮೆಟ್ಟಿಲು ಹತ್ತಲಾರರು. ಹಾಗಾಗಿ ಬಾಣಂತನವೆಲ್ಲ ನನ್ನ ಪಾಲಿಗೆ ಬಂತು.

ನಾನು ಹೆತ್ತವಳಲ್ಲ, ಹೆತ್ತವರ ಪಕ್ಕ ಕೂತು ನೋಡಿದವಳೂ ಅಲ್ಲ. ನನಗೆ ಗೊತ್ತಿದ್ದದ್ದು ಬಟ್ಟೆ ಒಂದೇ. ಅದಕ್ಕೇ ಇರಬೇಕು, ಮಗುವನ್ನು ಆಸ್ಪತ್ರೆಯಿಂದ ಕರೆತಂದ ದಿನದಿಂದಲೂ ನನ್ನ ಕಣ್ಣು ಅದರ ಮುಖಕ್ಕಿಂತ ಹೆಚ್ಚಾಗಿ ಅದರ ಬಟ್ಟೆಯ ಮೇಲಿತ್ತು.

ಮೊದಲ ದಿನಗಳದ್ದು ಕಪ್ಪು. ಜೋನಿ ಬೆಲ್ಲದ ಹಾಗೆ ಅಂಟು, ಎಷ್ಟು ಉಜ್ಜಿದರೂ ಬಟ್ಟೆ ಬಿಡುತ್ತಿರಲಿಲ್ಲ. ಹೊಟ್ಟೆಯೊಳಗೆ ಇದ್ದಾಗಿನದ್ದು ಹೊರಗೆ ಬರುತ್ತದೆ, ಹೆದರಬೇಡಿ ಎಂದು ಆಸ್ಪತ್ರೆಯ ನರ್ಸ್ ಮೊದಲೇ ಹೇಳಿದ್ದರು. ಆಮೇಲೆ ಕಪ್ಪು ಕರಗಿ ಹಸಿರು ಮಿಶ್ರಿತವಾಯಿತು. ಆರನೇ ದಿನದ ಹೊತ್ತಿಗೆ ಚೆಂದದ ಹಳದಿ, ನಡುನಡುವೆ ಸಾಸಿವೆಯಂಥ ಸಣ್ಣ ಸಣ್ಣ ಕಾಳು. ವಾಸನೆಯೂ ಕೆಟ್ಟದ್ದಲ್ಲ, ಸ್ವಲ್ಪ ಮಜ್ಜಿಗೆಯ ಹುಳಿ. ಬಟ್ಟೆ ಒಗೆಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಮ್ಮೆ, ಮಧ್ಯಾಹ್ನ ಊಟಕ್ಕೆ ಮೇಲೆ ಬಂದಾಗ ಒಮ್ಮೆ. ಮಾಘ ಮಾಸದ ಬಿಸಿಲು ಚೆನ್ನಾಗಿತ್ತು. ತಾರಸಿಯ ಮೇಲೆ ಹಾಕಿದರೆ ಒಂದು ಗಂಟೆಯಲ್ಲಿ ಗರಿಗರಿ.

ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನವರು, ನಾವು ನಾರ್ವೆಯ ಅಮ್ಮ ಎಂದೇ ಕರೆದವರು, ಬಂದಿದ್ದು ಎಂಟನೇ ದಿನ. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬರು ಬೇಕೆಂದು ಗಿರಾಕಿಗಳಲ್ಲಿ ಕೇಳಿದ್ದೆ. ಕಿಗ್ಗದ ಕಡೆಯ ಒಬ್ಬಾಕೆ, ತನ್ನ ಮಗಳಿಗೆ ಮಾಡಿದವರು ಎಂದು ಇವರನ್ನು ಹೇಳಿ ಕಳಿಸಿದಳು. ಅರವತ್ತು ದಾಟಿದ ಹೆಂಗಸು, ತೆಳ್ಳಗೆ, ಮುಂಗೈ ಮಾತ್ರ ಗಂಡಸರ ಹಾಗೆ ಗಟ್ಟಿ. ಮಾತು ಕಡಿಮೆ. ಬೆಳಗಿನ ಬಸ್ಸಿಗೆ ಬರುವುದು, ನೀರು ಹಾಕುವುದು, ಹನ್ನೊಂದರ ಬಸ್ಸಿಗೆ ಹೋಗುವುದು. ಎಡತೋಳಿನಲ್ಲಿ ಒಂದು ಬಟ್ಟೆಯ ಚೀಲ. ಅದನ್ನು ಎಲ್ಲೂ ನೇತುಹಾಕುವುದಿಲ್ಲ; ಒಳಕೋಣೆಯಲ್ಲಿ ತಂಗಿಯ ಮಂಚದ ಕೆಳಗೆ ತಳ್ಳಿಡುತ್ತಾರೆ.

ಮೊದಲ ದಿನವೇ ಅವರು ಕೇಳಿದ್ದು: "ಟೈಲರಮ್ಮ, ತೇಯೋ ಕಲ್ಲು ಇದ್ಯಾ ಮನೇಲಿ?"

ಎಂಥದಕ್ಕೆ ಎಂದೆ. ಬಜೆ ತೇಯ್ದು ಕೂಸಿನ ನಾಲಗೆಗೆ ಒಂದು ಚೂರು ಮುಟ್ಟಿಸುವುದು, ಮಾತು ಚೆನ್ನಾಗಿ ಬರುತ್ತದೆ, ಹೊಟ್ಟೆಯೂ ಹಗುರ ಎಂದರು. ನಾನು ಬೇಡ ಎಂದೆ. ಆರು ತಿಂಗಳು ತಾಯಿಹಾಲು ಬಿಟ್ಟು ಬೇರೆ ಏನೂ ಬಾಯಿಗೆ ಹಾಕಬಾರದು, ನೀರೂ ಬೇಡ, ಜೇನೂ ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಅವರು ವಾದ ಮಾಡಬಹುದು, ನಾವು ಎಷ್ಟು ಮಕ್ಕಳನ್ನು ನೋಡಿಲ್ಲ ಎನ್ನಬಹುದು ಎಂದು ಕಾದೆ. ಅವರು "ಆಯ್ತು" ಎಂದಷ್ಟೇ ಹೇಳಿ ಎಣ್ಣೆ ಬಿಸಿಗಿಟ್ಟರು.

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ನನಗೆ ಸರಿಕಾಣಲಿಲ್ಲ. ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನು ಒಂದು ಮಾತಿಗೆ ಯಾರಾದರೂ ಬಿಡುತ್ತಾರೆಯೇ? ನನ್ನೆದುರು ಬಿಟ್ಟಿರಬಹುದು ಎಂದುಕೊಂಡೆ.

ನಾನು ಸುಮ್ಮನೆ ಕೂರಲಿಲ್ಲ. ಫೋನಿನಲ್ಲಿ ವಿಡಿಯೋಗಳನ್ನು ನೋಡಿ ಹಾಲು ಕುಡಿಸುವ ಕ್ರಮ ಕಲಿತೆ. ಒಂದು ಕಡೆ ಹತ್ತು ನಿಮಿಷ, ಇನ್ನೊಂದು ಕಡೆ ಹತ್ತು ನಿಮಿಷ, ಎರಡೂ ಕಡೆ ಸಮ ಸಮ ಎಂದು ಅದರಲ್ಲಿ ಯಾರೋ ಹೇಳಿದ್ದರು. ನನಗೆ ಅದು ಹಿಡಿಸಿತು. ಬ್ಲೌಸಿನ ಎರಡು ತೋಳು ಸಮ ಇರಬೇಕಾದ ಕೆಲಸ ಮಾಡಿ ಅಭ್ಯಾಸವಾದವಳು. ನಾನು ಮೇಲೆ ಇದ್ದಾಗಲೆಲ್ಲ ಫೋನಿನಲ್ಲಿ ಅಲಾರಂ ಇಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅದು ಹೊಡೆದುಕೊಂಡ ಕೂಡಲೇ "ಸಾಕು, ಆ ಕಡೆ" ಎನ್ನುತ್ತಿದ್ದೆ. ತಂಗಿ ಮಗುವನ್ನು ಎಳೆದು ಬಿಡಿಸಿ ಇನ್ನೊಂದು ಕಡೆಗೆ ಹಾಕಿಕೊಳ್ಳುತ್ತಿದ್ದಳು. ಮಗು ಬಾಯಿ ಬಿಡಿಸಿದ್ದಕ್ಕೆ ಅಳುತ್ತಿತ್ತು. ತಂಗಿ ಒಮ್ಮೊಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಿದ್ದೆ ಸಾಲದು ಎಂದುಕೊಂಡಿದ್ದೆ.

ಹದಿಮೂರನೇ ದಿನ ಬಣ್ಣ ಬದಲಾಯಿತು.

ಬೆಳಗಿನ ಮೊದಲ ಬಟ್ಟೆಯಲ್ಲಿ ಹಳದಿಯ ಬದಲು ಎಳೆ ಹಸಿರು. ಮಧ್ಯಾಹ್ನ ಅದು ಇನ್ನೂ ಗಾಢವಾಗಿ, ಅಂಚಿನಲ್ಲಿ ನೊರೆ ನೊರೆ. ಸಾಸಿವೆ ಕಾಳಿನ ಸುಳಿವಿಲ್ಲ. ಮಗು ಕಾಲು ಮಡಚಿ ತಿಣುಕುತ್ತಿತ್ತು. ತಂಗಿಗೆ ತೋರಿಸಿದರೆ ಅವಳು ನೋಡಿಯೂ ನೋಡದ ಹಾಗೆ, "ಏನೋ ಇರ್ಬೇಕು ಅಕ್ಕ" ಎಂದಳು. ಮರುದಿನವೂ ಹಾಗೇ. ನಿನ್ನೆಯದಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ನೆನಪಿನಿಂದ ಹೇಳಲು ನನಗೆ ಧೈರ್ಯ ಬರಲಿಲ್ಲ. ಬಣ್ಣದ ವಿಷಯದಲ್ಲಿ ನೆನಪು ಮೋಸ ಮಾಡುತ್ತದೆ ಎಂದು ಬ್ಲೌಸಿಗೆ ದಾರ ಹೊಂದಿಸುವವರಿಗೆಲ್ಲ ಗೊತ್ತು. ಅಂಗಡಿಯಿಂದ ದಾರದ ಡಬ್ಬಿಯನ್ನೇ ಮೇಲಕ್ಕೆ ತಂದೆ. ಒಗೆಯುವ ಮೊದಲು ಪ್ರತಿ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಅದಕ್ಕೆ ಹೊಂದುವ ದಾರ ಹುಡುಕಿ, ಒಂದು ಗೇಣು ಕತ್ತರಿಸಿ, ಲೈನಿಂಗ್ ಬಟ್ಟೆಯ ಉದ್ದ ಪಟ್ಟಿಯೊಂದಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟೆ. ಪಕ್ಕದಲ್ಲಿ ಪೆನ್ಸಿಲಿನಿಂದ ದಿನ, ಹೊತ್ತು.

ಹಾಗೆ ಮಾಡಿದ ಮೂರನೇ ದಿನ ಒಂದು ವಿಷಯ ಕಣ್ಣಿಗೆ ಬಿತ್ತು. ಅಥವಾ ಬಿತ್ತು ಎಂದುಕೊಂಡೆ. ನಾರ್ವೆಯ ಅಮ್ಮ ಬಂದು ಹೋದ ಮೇಲಿನ ದಾರಗಳು ಹೆಚ್ಚು ಹಸಿರು.

ಅಲ್ಲಿಂದ ನನಗೆ ಅವರು ಮಾಡಿದ್ದೆಲ್ಲ ಬೇರೆ ರೀತಿ ಕಾಣಿಸತೊಡಗಿತು. ಸ್ನಾನವಾದ ಮೇಲೆ ತಂಗಿಯನ್ನೂ ಮಗುವನ್ನೂ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕುತ್ತಿದ್ದರು. ಮೊದಲು ಅದು ಗಾಳಿ ತಾಗದಿರಲಿ ಎಂದು ಇರಬೇಕು ಎಂದುಕೊಂಡಿದ್ದೆ. ಈಗ, ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಒಳಗೆ ಮಾಡುವುದೇನು ಎಂದು ಯೋಚನೆ ಹತ್ತಿತು. ಕೆಳಗೆ ಗಿರಾಕಿಗಳು ಕಾದಿದ್ದರೂ ಬಾಗಿಲ ಹತ್ತಿರ ನಿಂತು ಕಿವಿಗೊಟ್ಟೆ. ಪಿಸುಮಾತು. ತಂಗಿ ಒಮ್ಮೆ "ಅಕ್ಕಂಗೆ ಹೇಳ್ಬೇಡಿ" ಎಂದದ್ದು ಸ್ಪಷ್ಟವಾಗಿ ಕೇಳಿತು. ಅವರು ಏನೋ ಸಮಾಧಾನ ಹೇಳಿದರು, ಕೇಳಿಸಲಿಲ್ಲ.

ಅಂದು ಶೃಂಗೇರಿಯ ಒಬ್ಬ ಮದುಮಗಳ ಬ್ಲೌಸಿನ ಕುತ್ತಿಗೆಯನ್ನು ನಾನು ಒಂದು ಇಂಚು ಹೆಚ್ಚು ಕತ್ತರಿಸಿಬಿಟ್ಟೆ. ನನ್ನ ತಂಗಿಯೂ ಆ ಹೆಂಗಸಿನ ಜೊತೆ ಸೇರಿದ್ದಾಳೆ ಎಂಬುದೊಂದೇ ತಲೆಯಲ್ಲಿತ್ತು. ಅಮ್ಮ ಸತ್ತ ಮೇಲೆ ಶಾಲೆಗೆ ಜಡೆ ಹಾಕಿ ಕಳಿಸಿದವಳು ನಾನು; ನನ್ನಿಂದ ಮುಚ್ಚಿಟ್ಟು, ಎಂಟು ದಿನದ ಪರಿಚಯದವರ ಮಾತು ಕೇಳಿ ಮಗುವಿಗೆ ಬಜೆಯೋ ಜಾಯಿಕಾಯಿಯೋ ನೆಕ್ಕಿಸುತ್ತಿದ್ದಾಳೆ. ಕೇಳಿದರೆ ಇಬ್ಬರೂ ಇಲ್ಲ ಎನ್ನುತ್ತಾರೆ. ಸಾಕ್ಷಿ ಬೇಕು ಎಂದುಕೊಂಡೆ.

ಹದಿನೆಂಟನೇ ದಿನ ಬೆಳಿಗ್ಗೆ ಸಾಕ್ಷಿ ಸಿಕ್ಕಿತು ಎಂದೇ ತಿಳಿದೆ. ಮಗುವಿನ ಬಟ್ಟೆಯಲ್ಲಿ ಹಸಿರಿನ ನಡುವೆ ಕಪ್ಪು ಚುಕ್ಕೆಗಳು. ಎಳ್ಳು ಚೆಲ್ಲಿದ ಹಾಗೆ, ಕೆಲವು ಎಳೆ ಎಳೆಯಾಗಿ. ಬೆರಳಿನಲ್ಲಿ ತಿಕ್ಕಿದರೆ ಕಂದು ಬಣ್ಣ ಬಿಟ್ಟಿತು. ಬೇರು ತೇಯ್ದ ಚೂರು ಹೊಟ್ಟೆಯಿಂದ ಹಾಗೇ ಹೊರಬಂದಿದೆ ಎಂದು ನನಗೆ ಒಂದು ಚೂರೂ ಸಂಶಯ ಉಳಿಯಲಿಲ್ಲ.

ನಾರ್ವೆಯ ಅಮ್ಮ ಬಂದು ತಂಗಿಯನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ನೀರು ಹೊಯ್ಯುವ ಸದ್ದು ಶುರುವಾದ ಮೇಲೆ ನಾನು ಒಳಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಚೀಲ ಎಳೆದೆ. ಮಗು ಮಂಚದ ಮೇಲೆ ಮಲಗಿತ್ತು. ಚೀಲದಲ್ಲಿ ಒಂದು ಒಣ ಸೀರೆ, ಎಲೆಯಡಿಕೆ, ಬಸ್ಸಿನ ಟಿಕೇಟುಗಳು, ಒಂದು ಪುಟ್ಟ ತಗಡಿನ ಡಬ್ಬಿ. ಮುಚ್ಚಳ ತೆಗೆದೆ. ಬೆಳ್ಳಗೆ ಜಿಡ್ಡು ಜಿಡ್ಡಾದ ಏನೋ. ತುಪ್ಪದ ವಾಸನೆ. ಮೇಲೆ ಬೆರಳಿನಿಂದ ತೆಗೆದ ಗುರುತು. ತುಪ್ಪದಲ್ಲಿ ಕಲೆಸಿ ನೆಕ್ಕಿಸುತ್ತಾರೆ, ಹಾಗಾದರೆ. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತೆ.

ತಂಗಿಯನ್ನು ಒರೆಸಿಕೊಂಡು ಒಳಗೆ ಕರೆತಂದ ಅವರು ನನ್ನ ಕೈಯನ್ನು ನೋಡಿದರು, ಆಮೇಲೆ ಬಾಯಿ ತೆರೆದಿದ್ದ ಚೀಲವನ್ನು ನೋಡಿದರು. ನಾನು ಕಪ್ಪು ಚುಕ್ಕೆಯ ಬಟ್ಟೆಯನ್ನು ಬಿಡಿಸಿ ಅವರ ಮುಂದೆ ಹಿಡಿದೆ. ಮಗುವಿನ ಬಾಯಿಗೆ ಏನು ಹಾಕುತ್ತಿದ್ದೀರಿ ಎಂದು ಕೇಳಿದೆ.

"ನಾನು ಕೂಸಿನ ಬಾಯಿಗೆ ಎಂತದೂ ಹಾಕ್ಲಿಲ್ಲ" ಎಂದರು.

"ಹಂಗಾದ್ರೆ ದಿನಾ ಬಾಗಿಲು ಯಾಕೆ ಹಾಕ್ಕಳ್ತೀರಿ?"

ಅವರು ತಂಗಿಯ ಕಡೆ ನೋಡಿದರು. ತಂಗಿ ತಲೆ ಬಗ್ಗಿಸಿದ್ದಳು, ಒದ್ದೆ ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಏನಾದರೂ ಹೇಳುತ್ತಾಳೇನೋ ಎಂದು ಅವರು ಕಾದದ್ದು ಈಗ ನೆನೆದರೆ ತಿಳಿಯುತ್ತದೆ. ಆಗ ಅದೂ ನನಗೆ ಇಬ್ಬರ ಒಳಸಂಚಿನ ಹಾಗೇ ಕಂಡಿತು. ಇನ್ನು ನೀವು ಬರುವುದು ಬೇಡ ಎಂದುಬಿಟ್ಟೆ. ಅವರು ತಂಗಿಯ ತಲೆಗೆ ಬಟ್ಟೆ ಸುತ್ತಿ ಮುಗಿಸಿ, ಮಗುವಿನ ಹೊದಿಕೆ ಸರಿಮಾಡಿ, ಚೀಲ ಎತ್ತಿಕೊಂಡರು. ಡಬ್ಬಿ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ನನಗೆ ಒಂದೇ ಮಾತು ಹೇಳಿದರು: "ಇವತ್ತೇ ಡಾಕ್ಟರಿಗೆ ತೋರ್ಸು."

ಅವರು ಹೋದ ಮೇಲೆ ತಂಗಿ ಅಳಲು ಶುರುಮಾಡಿದಳು. ಅಳುತ್ತಲೇ ಸೆರಗು ಸರಿಸಿ ತೋರಿಸಿದಳು. ಎರಡೂ ಕಡೆ ತೊಟ್ಟು ಸೀಳಿ ಹೋಗಿತ್ತು. ಎಡಗಡೆಯದರಲ್ಲಿ ಬುಡದ ಸುತ್ತ ಗಾಯ, ಅದರ ಮೇಲೆ ಒಣಗಿದ ರಕ್ತದ ಹಕ್ಕಳೆ, ಹಕ್ಕಳೆಯ ಪಕ್ಕದಲ್ಲಿ ಹಸಿ ರಕ್ತ.

ಆ ಡಬ್ಬಿ ಅದಕ್ಕೆ ಹಚ್ಚುವುದಕ್ಕೆ ತಂದದ್ದು. ನೀರಿನಲ್ಲಿ ಮತ್ತೆ ಮತ್ತೆ ತೊಳೆದ ತುಪ್ಪ. ಮೊದಲ ಸ್ನಾನದ ದಿನವೇ ಅವರು ಗಾಯ ನೋಡಿದ್ದರಂತೆ. ಅಕ್ಕನಿಗೆ ಹೇಳು, ಆಸ್ಪತ್ರೆಗೆ ಹೋಗಿ ತೋರಿಸು ಎಂದು ದಿನವೂ ಹೇಳುತ್ತಿದ್ದರಂತೆ. ಹೇಳಬೇಡಿ ಎಂದು ಕೈಮುಗಿದು ಮಾತು ತೆಗೆದುಕೊಂಡವಳು ಇವಳೇ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಅಲಾರಂ ಇಟ್ಕಂಡು ನಿಂತಿರ್ತೀಯ ಅಕ್ಕ" ಎಂದಳು. "ನೋವಾಗ್ತದೆ ಅಂದ್ರೆ ನಂಗೆ ಹಾಲು ಕೊಡಕ್ಕೆ ಬರಲ್ಲ ಅಂತೀಯ. ಡಬ್ಬಿ ಹಾಲು ತರ್ತೀಯ. ಅದಕ್ಕೇ ಹೇಳ್ಲಿಲ್ಲ."

ನಾನು ಹಾಗೆ ಎನ್ನುತ್ತಿದ್ದೆನೇ? ಎನ್ನುತ್ತಿರಲಿಲ್ಲ ಎಂದು ಆಗ ಬಾಯಿಬಿಟ್ಟು ಹೇಳಿದೆ. ಆದರೆ ಹಿಂದಿನ ವಾರವೇ ಮೆಡಿಕಲ್ ಶಾಪಿನ ಮುಂದೆ ನಿಂತು ಹಾಲಿನ ಪುಡಿಯ ಡಬ್ಬಿಗಳನ್ನು ನೋಡಿಕೊಂಡು ಬಂದಿದ್ದು ನಿಜ.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಇಷ್ಟಾದರೂ ನನ್ನ ಸಂಶಯ ಪೂರ್ತಿ ಹೋಗಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಗಾಯವೂ ನಿಜವಿರಬಹುದು, ಬಜೆಯೂ ನಿಜವಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ತಗಡಿನ ಡಬ್ಬಿ, ಕಪ್ಪು ಚುಕ್ಕೆಯ ಬಟ್ಟೆ, ದಾರ ಚುಚ್ಚಿದ ಪಟ್ಟಿ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡಿದ್ದೆ.

ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವನ್ನು ಬಿಚ್ಚಿ ಹೊಟ್ಟೆ ಒತ್ತಿ ನೋಡಿದರು, ಬಾಯೊಳಗೆ ನೋಡಿದರು, ಹಿಂಭಾಗದಲ್ಲಿ ಗಾಯವೇನಾದರೂ ಇದೆಯೇ ಎಂದು ನೋಡಿದರು. ತೂಕ ಹಾಕಿಸಿದರು. ಹುಟ್ಟಿದಾಗಿನದ್ದಕ್ಕಿಂತ ಹೆಚ್ಚಾಗಿತ್ತು. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತದೆ ಎಂದು ಕೇಳಿದರು. ಏಳೆಂಟು ಎಂದೆ. ಆಮೇಲೆ ಬಟ್ಟೆ ನೋಡಿದರು, ತಂಗಿಯ ಗಾಯ ನೋಡಿದರು. ಮಗುವಿನ ಬಟ್ಟೆಯಲ್ಲಿ ಕಪ್ಪು ಕಂಡರೆ ತೋರಿಸಲೇಬೇಕು, ಬಂದದ್ದು ಒಳ್ಳೆಯದಾಯಿತು ಎಂದರು. ಆದರೆ ಈ ಮಗು ಚೆನ್ನಾಗಿ ಕುಡಿಯುತ್ತಿದೆ, ತೂಕ ಏರುತ್ತಿದೆ, ಹೊಟ್ಟೆ ಮೆತ್ತಗಿದೆ. ಆ ಕಪ್ಪು ಬಹುತೇಕ ತಾಯಿಯದೇ ರಕ್ತ. ಸೀಳಿದ ತೊಟ್ಟಿನಿಂದ ಹಾಲಿನ ಜೊತೆ ಹೊಟ್ಟೆಗೆ ಹೋಗಿ, ಅಲ್ಲಿ ಕಪ್ಪಾಗಿ, ಹೊರಗೆ ಬರುತ್ತಿದೆ. ಗಾಯ ಮಾಯುತ್ತಲೇ ನಿಲ್ಲಬೇಕು. ನಿಲ್ಲದಿದ್ದರೆ, ಕೆಂಪು ರಕ್ತ ಕಂಡರೆ, ಮಲ ಸುಣ್ಣದ ಹಾಗೆ ಬಿಳಿಚಿಕೊಂಡರೆ, ಮಗು ಹಾಲು ಬಿಟ್ಟರೆ ಅಥವಾ ಒದ್ದೆ ಬಟ್ಟೆ ಕಡಿಮೆಯಾದರೆ ತಡಮಾಡದೆ ಬನ್ನಿ, ಇಲ್ಲದಿದ್ದರೆ ಮೂರು ದಿನಕ್ಕೆ ಬಂದು ತೋರಿಸಿ ಎಂದರು.

ಬಜೆ ಕೊಟ್ಟರೆ ಹೀಗಾಗುವುದಿಲ್ಲವೇ ಎಂದು ಕೇಳಿದೆ. ಕೊಟ್ಟಿದ್ದೀರಾ ಎಂದು ಅವರು ತಂಗಿಯನ್ನು ಕೇಳಿದರು. ಇಲ್ಲ ಎಂದಳು. ಡಾಕ್ಟರು ಅವಳ ಮಾತನ್ನು ನಂಬಿದರು. ಒಂದು ಕ್ಷಣವೂ ಬೇಕಾಗಲಿಲ್ಲ ಅವರಿಗೆ.

ಹಾಲುಣಿಸುವುದನ್ನು ನೋಡಲು ನರ್ಸ್ ಒಬ್ಬರು ನಮ್ಮನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ತಂಗಿ ಮಗುವನ್ನು ಎದೆಗೆ ಹಿಡಿದ ಕೂಡಲೇ ಅವರು ತಡೆದರು. ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚುತ್ತಿದೆ, ಬಾಯಿ ದೊಡ್ಡದಾಗಿ ತೆರೆಯುವವರೆಗೂ ಕಾಯಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು ಎಂದು ಕೈಹಿಡಿದು ತೋರಿಸಿದರು. ಎರಡು ಸಲ ತಪ್ಪಿತು. ಮೂರನೇ ಸಲ ಮಗು ಬಾಯಿ ತುಂಬ ಹಿಡಿದುಕೊಂಡು ಗುಟುಕು ಗುಟುಕಾಗಿ ಕುಡಿಯತೊಡಗಿತು. ತಂಗಿಯ ಹುಬ್ಬು ಸಡಿಲಾಯಿತು. ಅವಳು ಕಣ್ಣು ಮುಚ್ಚುತ್ತಿದ್ದದ್ದು ನಿದ್ದೆಗೆ ಅಲ್ಲ ಎಂದು ನನಗೆ ಗೊತ್ತಾದದ್ದು ಆಗ.

ನಾನು ದಾರದ ಪಟ್ಟಿ ತೆಗೆದು ನರ್ಸಿಗೆ ತೋರಿಸಿ ಹಸಿರಿನ ವಿಷಯ ಕೇಳಿದೆ. ಅವರು ನಗಲಿಲ್ಲ. ಪಟ್ಟಿಯನ್ನು ಬೆರಳಿನಿಂದ ಸವರಿಕೊಂಡು ನೋಡಿದರು. ಹಸಿರಾದ ಕೂಡಲೇ ರೋಗ ಅಂತಲ್ಲ, ಒಂದೊಂದು ಮಗುವಿಗೆ ಒಂದೊಂದು ಥರ ಎಂದರು. ಆಮೇಲೆ ಒಂದೊಂದು ಕಡೆ ಎಷ್ಟು ಹೊತ್ತು ಕುಡಿಯುತ್ತದೆ ಎಂದು ಕೇಳಿದರು.

ತಂಗಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ಹತ್ತು ನಿಮಿಷ, ಅಲಾರಂ ಇಟ್ಟು.

"ಹತ್ತು ನಿಮಿಷಕ್ಕೆ ಬಿಡ್ಸಿ ಅಂತ ಯಾರು ಹೇಳಿದ್ರು ನಿಮಗೆ?"

ನಾನು ಫೋನಿನ ವಿಡಿಯೋ ಎಂದೆ. ಅವರು ನಿಧಾನಕ್ಕೆ ವಿವರಿಸಿದರು. ಹಾಲು ಮೊದಲು ತೆಳ್ಳಗೆ ಬರುತ್ತದೆ, ಕುಡಿದ ಹಾಗೆ ಗಟ್ಟಿಯಾಗುತ್ತದೆ. ಒಂದು ಕಡೆ ಮುಗಿಯುವ ಮೊದಲೇ ಬಿಡಿಸಿದರೆ ಮಗುವಿನ ಹೊಟ್ಟೆ ತೆಳು ಹಾಲಿನಿಂದಲೇ ತುಂಬಿ, ಹೀಗೆ ಹಸಿರಾಗಿ ನೊರೆ ಬರಬಹುದು. ಅದಾಗಿಯೇ ಬಿಡುವವರೆಗೆ ಬಿಡಿ. ಬಿಡಿಸಲೇಬೇಕಾದರೆ ಬಾಯಿಯ ಮೂಲೆಯಲ್ಲಿ ಕಿರುಬೆರಳು ಹಾಕಿ ಬಿಡಿಸಿ, ಎಳೆದರೆ ಗಾಯವಾಗುತ್ತದೆ.

ಎಳೆಯಿಸಿದ್ದು ನಾನು. ತಂಗಿ ನನ್ನ ಕಡೆ ನೋಡಲಿಲ್ಲ. ಮಗುವನ್ನೇ ನೋಡುತ್ತಿದ್ದಳು. ನೋಡಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಮನೆಗೆ ಬಂದ ಮೇಲೆ ಫೋನಿನ ಅಲಾರಂ ತೆಗೆದುಹಾಕಿದೆ. ಮಗು ಒಮ್ಮೊಮ್ಮೆ ಅರ್ಧ ಗಂಟೆ ಒಂದೇ ಕಡೆ ಕುಡಿಯಿತು. ನಾಲ್ಕನೇ ದಿನಕ್ಕೆ ಕಪ್ಪು ಚುಕ್ಕೆ ಪೂರ್ತಿ ನಿಂತಿತು. ವಾರ ಕಳೆಯುವಷ್ಟರಲ್ಲಿ ಹಳದಿಯೂ ಸಾಸಿವೆ ಕಾಳೂ ವಾಪಸು ಬಂದವು. ನಾರ್ವೆಯ ಅಮ್ಮನಿಲ್ಲದೆ ನೀರು ಹಾಕುವ ಕೆಲಸ ನನ್ನದಾಗಿತ್ತು. ನಾನು ಹಾಕಿದ ನೀರು ತಂಗಿಗೆ ಒಂದು ದಿನವೂ ಹಿತವಾಗಲಿಲ್ಲ. ಹೇಳಲಿಲ್ಲ, ಆದರೆ ಗೊತ್ತಾಗುತ್ತಿತ್ತು.

ಒಂದು ಭಾನುವಾರ ತಂಗಿಯ ಗಂಡ ಬಂದಿದ್ದ. ಅವನನ್ನು ಮನೆಯಲ್ಲಿ ಬಿಟ್ಟು ನಾನು ನಾರ್ವೆಯ ಬಸ್ಸು ಹತ್ತಿದೆ. ತಗಡಿನ ಡಬ್ಬಿಯನ್ನು ತೊಳೆದು ಒಣಗಿಸಿ ಹಿಡಿದುಕೊಂಡಿದ್ದೆ. ಹದಿನೆಂಟು ವರ್ಷದಲ್ಲಿ, ಮಿಕ್ಕ ಬಟ್ಟೆ ಎಲ್ಲಿ ಎಂದು ಎಷ್ಟು ಜನ ನನ್ನನ್ನು ಕೇಳಿಲ್ಲ. ಮೀಟರ್ ಕೊಟ್ಟಿದ್ದೆ, ಕಾಲು ಮೀಟರ್ ಉಳಿದಿರಲೇಬೇಕು ಎಂದು ನನ್ನ ಡ್ರಾಯರಿನ ಕಡೆ ಕಣ್ಣು ಹಾಯಿಸಿದವರಿದ್ದಾರೆ. ಅಂಥ ದಿನ ಊಟ ಸೇರುತ್ತಿರಲಿಲ್ಲ ನನಗೆ. ಆದರೆ ಡ್ರಾಯರಿಗೆ ಕೈಹಾಕಿದವರು ಯಾರೂ ಇರಲಿಲ್ಲ.

ಅವರು ಮನೆಯಲ್ಲಿರಲಿಲ್ಲ. ಹರಿಹರಪುರದಲ್ಲಿ ಒಂದು ಬಾಣಂತನ ಹಿಡಿದಿದ್ದಾರೆ, ಇನ್ನೇನು ಬರಬಹುದು ಎಂದು ಅವರ ಸೊಸೆ ಹೇಳಿ, ಕುಡಿಯಲು ನೀರು ಕೊಟ್ಟಳು. ಯಾರೆಂದು ಕೇಳಿದಳು, ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಮನೆಯಲ್ಲಿ ಅವರು ಏನೂ ಹೇಳಿರಲಿಲ್ಲ ಎಂದು ಅದರಿಂದ ತಿಳಿಯಿತು. ನಾನು ಬಸ್ಸು ನಿಲ್ಲುವಲ್ಲಿಗೆ ವಾಪಸು ಹೋಗಿ ಕಾದೆ.

ಬಸ್ಸಿನಿಂದ ಇಳಿದವರು ನನ್ನನ್ನು ಕಂಡು ಮೊದಲು ಕೇಳಿದ್ದು ಮಗುವಿನ ವಿಷಯ. ಕಪ್ಪು ನಿಂತಿತೇ, ಈಗ ಬಣ್ಣ ಹೇಗಿದೆ, ಎಷ್ಟು ಬಟ್ಟೆ ಒದ್ದೆ ಮಾಡುತ್ತದೆ, ತಂಗಿಯ ಗಾಯ ಮಾಯಿತೇ. ಎಲ್ಲ ಹೇಳಿದೆ. ನನ್ನಿಂದ ತಪ್ಪಾಯಿತು ಎಂದೂ ಹೇಳಿದೆ. ಡಬ್ಬಿ ಕೊಟ್ಟೆ. ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು. ಮತ್ತೆ ಬರಬೇಕು, ತಂಗಿ ನಿಮ್ಮನ್ನೇ ನೆನೆಯುತ್ತಾಳೆ ಎಂದೆ.

"ಸಿಟ್ಟಿಲ್ಲ ಟೈಲರಮ್ಮ" ಎಂದರು. "ಬಜೆ ಬೇಡ ಅಂತ ನೀನಂದೆ, ನಾನು ಬಿಟ್ಟೆ. ನಂಗೆಂತ ಹಠ ಅದ್ರಲ್ಲಿ? ನಿಮ್ಮ ಮನೆ ಕೂಸು. ಆದ್ರೆ ನಾನು ಬರದಿಲ್ಲ. ನನ್ ಚೀಲಕ್ಕೆ ಕೈಹಾಕಿದ ಮನೆಗೆ ನಾನು ಹೆಂಗೆ ಬರ್ಲಿ ಹೇಳು."

ಸೀದಾ ಹೇಳಿದರು, ದನಿ ಏರಿಸದೆ. ಕೊಪ್ಪದ ಬಸ್ಸು ಬರುವವರೆಗೂ ಅವರು ನನ್ನ ಜೊತೆ ನಿಂತರು. ತಂಗಿಗೆ ನೀರು ಹಾಕುವಾಗ ಸೊಂಟಕ್ಕೆ ಹೇಗೆ ಹೊಯ್ಯಬೇಕು ಎಂದು ಕೈಮಾಡಿ ತೋರಿಸಿದರು. ಬಸ್ಸು ಬಂದಾಗ ಹತ್ತಿದೆ.

ಇದಾದ ಮೇಲೆ ನಾನು ಬದಲಾದೆ ಎಂದರೆ ಸುಳ್ಳಾಗುತ್ತದೆ. ಮಗುವಿಗೆ ಏಳನೇ ವಾರ ನಡೆಯುತ್ತಿದ್ದಾಗ ಬಟ್ಟೆಗಳು ಬರೀ ಒದ್ದೆಯಾಗಿಯೇ ಬರತೊಡಗಿದವು. ಒಂದು ದಿನ ಕಕ್ಕ ಇಲ್ಲ, ಎರಡು ದಿನ ಇಲ್ಲ, ಮೂರು ದಿನ ಇಲ್ಲ. ಅದಕ್ಕೂ ಹಿಂದಿನ ಭಾನುವಾರ ತಂಗಿಯ ಗಂಡ ಬಂದಾಗ ಅವನ ತಾಯಿ ಒಂದು ಗ್ರೈಪ್ ವಾಟರ್ ಬಾಟ್ಲಿ ಕಳಿಸಿದ್ದರು. ನನ್ನ ಮನಸ್ಸು ಸೀದಾ ಆ ಬಾಟ್ಲಿಗೆ ಹೋಯಿತು. ನಾನು ಕೆಳಗೆ ಅಂಗಡಿಯಲ್ಲಿದ್ದಾಗ ಅವನು ಒಂದು ಚಮಚ ಕೊಟ್ಟಿರಬಹುದು. ಅಮ್ಮ ಹೇಳಿದ್ದನ್ನು ಮೀರುವವನಲ್ಲ. ಬಾಟ್ಲಿ ಎಲ್ಲಿದೆ ಎಂದು ಕಪಾಟು ತೆರೆಯಲು ಕೈ ಚಾಚಿದೆ. ಆಮೇಲೆ ಕೈ ಹಿಂದೆಗೆದು ಒಳಗೆ ಹೋಗಿ ತಂಗಿಯನ್ನೇ ಕೇಳಿದೆ. ಕೇಳಿದ್ದೂ ಒರಟಾಗಿಯೇ.

ಅವಳು ಎದ್ದು ಕಪಾಟಿನಿಂದ ಬಾಟ್ಲಿ ತೆಗೆದು ನನ್ನ ಕೈಗೆ ಕೊಟ್ಟಳು. ಸೀಲು ಹಾಗೇ ಇತ್ತು. "ಅವರೇ ಹೇಳಿದ್ರು, ಅಮ್ಮನ ಸಮಾಧಾನಕ್ಕೆ ತಂದಿದ್ದೀನಿ, ತೆಗಿಬೇಡ ಅಂತ" ಎಂದಳು.

ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದೆ. ಆರು ವಾರ ದಾಟಿದ ಮೇಲೆ ತಾಯಿಹಾಲು ಮಾತ್ರ ಕುಡಿಯುವ ಮಕ್ಕಳು ಹೀಗೆ ನಾಲ್ಕಾರು ದಿನ ಬಿಡುವುದುಂಟು ಎಂದರು. ಹೊಟ್ಟೆ ಮೆತ್ತಗಿದೆಯೇ, ಹಾಲು ಕುಡಿಯುತ್ತದೆಯೇ, ಉಚ್ಚೆ ಸರಿಯಾಗಿ ಹೊಯ್ಯುತ್ತದೆಯೇ ಎಂದು ಕೇಳಿದರು. ಎಲ್ಲ ಸರಿ ಇದೆ ಎಂದೆ. ಹಾಗಾದರೆ ಕಾಯಿರಿ, ಹೊಟ್ಟೆ ಗಟ್ಟಿಯಾದರೆ, ವಾಂತಿಯಾದರೆ ಕರೆದುಕೊಂಡು ಬನ್ನಿ ಎಂದರು. ಕಾಯುವುದು ನನಗೆ ಬಾರದ ಕೆಲಸ. ದಿನಕ್ಕೆ ಹತ್ತು ಸಲ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಏಳನೇ ದಿನ ಮಧ್ಯಾಹ್ನ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಡಿಯಲ್ಲಿ ಒಬ್ಬ ಗಿರಾಕಿಯ ಅಳತೆ ಬರೆದುಕೊಳ್ಳುತ್ತಿದ್ದೆ. ಅಷ್ಟೂ ದಿನದ್ದು ಒಟ್ಟಿಗೆ ಬಂತು. ಲಂಗೋಟಿ ದಾಟಿ, ನನ್ನ ಸೀರೆ ದಾಟಿ, ಕುರ್ಚಿಯ ಮೇಲೆ. ಮೆತ್ತಗೆ, ಹಳದಿ. ಮಗು ಹಗುರಾಗಿ ಕಾಲು ಝಾಡಿಸಿತು. ಗಿರಾಕಿ ಮೂಗು ಮುಚ್ಚಿಕೊಂಡಳು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಮೂರು ತಿಂಗಳಾದ ಮೇಲೆ ತಂಗಿಯನ್ನು ಕರೆದುಕೊಂಡು ಹೋಗಲು ಅವಳ ಗಂಡ ಕಾರು ಮಾಡಿಕೊಂಡು ಬಂದ. ಬಟ್ಟೆಗಳನ್ನೆಲ್ಲ ಮಡಿಸಿ ಕೊಟ್ಟೆ. ತಂಗಿ ಹೊರಡುವಾಗ ನನ್ನ ಕೈ ಹಿಡಿದು ಒತ್ತಿದಳು.

ನರಸಿಂಹರಾಜಪುರಕ್ಕೆ ಹೋದ ಎರಡನೇ ವಾರ ಅವಳ ಫೋನ್ ಬಂತು. ಬೆಳಿಗ್ಗೆಯಿಂದ ಮಗುವಿನದ್ದು ಮತ್ತೆ ಹಸಿರು ಎಂದಳು. ಅಲ್ಲಿ ಯಾರು ಎತ್ತಿಕೊಳ್ಳುತ್ತಾರೆ, ಅತ್ತೆ ಏನು ಕೊಟ್ಟರು, ನೀನು ಏನು ತಿಂದೆ ಎಂದು ಕೇಳಲು ಬಾಯಿತುದಿಗೆ ಬಂದಿತ್ತು. ಅದನ್ನು ಬಿಟ್ಟು, ನಿನಗೆ ನೋವಿದೆಯೇ ಎಂದು ಕೇಳಿದೆ.

ಇಲ್ಲ ಅಕ್ಕ, ನೋವೇನೂ ಇಲ್ಲ, ಮಗು ನಗುತ್ತಾ ಆಡುತ್ತಿದೆ ಎಂದಳು.

ಸರಿ ಎಂದು ಫೋನ್ ಇಟ್ಟೆ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಮತ್ತೆ ಫೋನ್ ಮಾಡಿ, ನಿನಗೆ ನೋವಿದೆಯೇ ಎಂದು ಅದನ್ನೇ ಇನ್ನೊಮ್ಮೆ ಕೇಳಿದೆ.